ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆ: ಎಂ.ಎ., ಬಿ.ಎಡ್. ಇದ್ದರೆ ಸಾಕೇ?

ಪ್ರಶ್ನೆ (ಮಂಡ್ಯದಿಂದ)
ಮಾನ್ಯರೇ, ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮುಗಿಸಿ, ಬಳಿಕ ಬಿ.ಎಡ್. ಮಾಡಿ, ನಾಲ್ಕು ವರ್ಷಗಳಿಂದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಪದವಿ ತರಗತಿಗಳಿಗೆ ಹಳಗನ್ನಡ ಕಲಿಸಬೇಕೆಂಬುದು ಓದುವ ದಿನಗಳಿಂದಲೂ ಇರುವ ಆಸೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕನಾಗಲು ಇಷ್ಟು ಓದು ಸಾಕೆಂದು ಕೆಲವರೂ, ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಇಲ್ಲದೆ ಅರ್ಜಿ ಹಾಕುವುದೇ ವ್ಯರ್ಥವೆಂದು ಕೆಲವರೂ ಹೇಳುತ್ತಾರೆ. ಎಂ.ಎ.ಯಲ್ಲಿ ನನಗೆ ಬಂದಿರುವುದು ಶೇ. 54.6. ಇದನ್ನು 55 ಎಂದೇ ಪರಿಗಣಿಸುತ್ತಾರೆಯೇ? ನಾನು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 2ಎಗೆ ಸೇರಿದವನು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು, ನಿವೃತ್ತ ಪ್ರಾಧ್ಯಾಪಕ)
ಬಿ.ಎಡ್. ಪಿಯು ಉಪನ್ಯಾಸಕ ಹುದ್ದೆಗೆ ಬೇಕು, ಪದವಿ ಕಾಲೇಜಿಗೆ ಅದು ಅರ್ಹತೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳೂ ಅದರೊಂದಿಗೆ ನೆಟ್ ಅಥವಾ ಅದರಂಥದೇ ರಾಜ್ಯಮಟ್ಟದ ಪರೀಕ್ಷೆಯಾದ ಕೆ-ಸೆಟ್ ತೇರ್ಗಡೆಯೂ ಇರಬೇಕು. ಯುಜಿಸಿ ನಿಯಮಾನುಸಾರ ಪಿಎಚ್.ಡಿ. ಪಡೆದವರಿಗೆ ಪರೀಕ್ಷೆಯಿಂದ ವಿನಾಯಿತಿ ಉಂಟು. ಅತಿಥಿ ಉಪನ್ಯಾಸಕರಿಗೂ ಇದೇ ಅರ್ಹತೆ ಇರಬೇಕೆಂದು ಯುಜಿಸಿ 2019ರ ಜನವರಿಯಲ್ಲಿ ತಿಳಿಸಿದೆ. ಹಾಗಿದ್ದೂ ನಮ್ಮ ರಾಜ್ಯದಲ್ಲಿ ಈ ಅರ್ಹತೆಯಿಲ್ಲದ ಅನೇಕರು ವರ್ಷಗಟ್ಟಲೆ ಕಾಲೇಜುಗಳನ್ನು ನಡೆಸಿಕೊಟ್ಟಿದ್ದಾರೆ, ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. 2022ರಲ್ಲಿ ಗೌರವಧನ ಹೆಚ್ಚಿಸಿದಾಗ ಸರ್ಕಾರವು, ಸೇವಾವಧಿಗೆ ತಕ್ಕಂತೆ, ಯುಜಿಸಿ ಅರ್ಹತೆಯುಳ್ಳವರಿಗೆ 30 ಅಥವಾ 32 ಸಾವಿರ, ಉಳಿದವರಿಗೆ 26 ಅಥವಾ 28 ಸಾವಿರ ರೂಪಾಯಿ ನಿಗದಿ ಮಾಡಿತು. ನೀವು ಕೇಳಿದ ಎರಡು ಬಗೆಯ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಹೊಸದಾಗಿ ಬರುವವರು ಆ ಹಳೆಯ ದಾರಿಯನ್ನು ನೆಚ್ಚಿಕೊಳ್ಳಬಾರದು.

ಉತ್ತರ (ಮೈಸೂರು, ಅತಿಥಿ ಉಪನ್ಯಾಸಕಿ)
54.6 ಎಂದಿಗೂ 55 ಆಗುವುದಿಲ್ಲ, 54.99 ಬಂದಿದ್ದರೂ ಅಷ್ಟೆ. ಆದರೆ ನೀವು ಚಿಂತಿಸಬೇಕಿಲ್ಲ. ಕೆ-ಸೆಟ್‌ನಲ್ಲಿ ಪ್ರವರ್ಗ 2ಎ ಅಭ್ಯರ್ಥಿಗಳಿಗೆ ಶೇ. 50 ಸಾಕು. ನೆಟ್‌ಗೆ ಮಾತ್ರ ಕೇಂದ್ರ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಎಂದು ನೋಡಿಕೊಂಡು, ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರ ಗುಂಪಿಗೆ) ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಮಾಡಿಸಿಕೊಳ್ಳಿ. ರಾಜ್ಯದ ಜಾತಿ ಪ್ರಮಾಣಪತ್ರ ಅಲ್ಲಿ ನಡೆಯದು.

ಇನ್ನೊಂದು ಮಾತು. 2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶ ಮೂರು ವಿಭಾಗಗಳಲ್ಲಿ ಬರುತ್ತಿದೆ. ನನ್ನ ಹೆಸರು ಬಂದದ್ದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಕೊಡುವ ಮೂರನೆಯ ವಿಭಾಗದಲ್ಲಿ. ಅದು ತಿಳಿಯದೆ ಮನೆಯವರಿಗೆಲ್ಲ ನೆಟ್ ಪಾಸಾಯಿತೆಂದು ಹೇಳಿ, ಆಮೇಲೆ ಬಹಳ ನೊಂದುಕೊಂಡೆ. ಆ ಅಂಕಪಟ್ಟಿಯಿಂದ ಬೋಧನೆಯ ಅರ್ಹತೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಅನಂತ ವಂದನೆಗಳು. ಶಾಲೆಯ ಕೆಲಸದ ನಡುವೆ ಒಂದೇ ಪರೀಕ್ಷೆಗೆ ಓದಬಹುದಾದರೆ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ (ನಿವೃತ್ತ ಪ್ರಾಧ್ಯಾಪಕ)
ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಮೊದಲ ಪತ್ರಿಕೆಯಲ್ಲಿ 50, ವಿಷಯ ಪತ್ರಿಕೆಯಲ್ಲಿ 100 ಪ್ರಶ್ನೆಗಳಿರುತ್ತವೆ. ಅದರ ಅರ್ಹತೆ ಕರ್ನಾಟಕದೊಳಗೆ ಮಾತ್ರ ಸಲ್ಲುತ್ತದೆ, ನೆಟ್ ದೇಶಕ್ಕೆಲ್ಲ ಸಲ್ಲುತ್ತದೆ. ಕನ್ನಡ ಕಲಿಸಲು ಹೊರಟ ನಿಮಗೆ ಕೆ-ಸೆಟ್ ಧಾರಾಳವಾಗಿ ಸಾಕು. ಎರಡಕ್ಕೂ ಓದುವುದು ಹೆಚ್ಚುಕಡಿಮೆ ಒಂದೇ ಆದ್ದರಿಂದ ನೆಟ್ ಅರ್ಜಿಯನ್ನೂ ಬಿಡಬೇಡಿ. ಅದು ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ.