ಅಪ್‌ಡೇಟ್: ಪಿಡಿಎಫ್ ಪ್ರಿಂಟಲ್ಲಿ ಮಾಯ ಆಗ್ತಿದ್ದ ಗೆರೆಗಳು ಸಿಕ್ಕಿದ್ವು

ಮೊನ್ನೆ ಕೇಳಿದ್ನಲ್ಲ, ಆಟೋಕ್ಯಾಡಿಂದ (ನಕ್ಷೆ ಬಿಡಿಸೋ ಸಾಫ್ಟ್‌ವೇರ್) ತೆಗೆದ ಮನೆ ಪ್ಲಾನ್ ಪಿಡಿಎಫ್ ಸ್ಕ್ರೀನಲ್ಲಿ ಸರಿಯಾಗೇ ಕಾಣತ್ತೆ, ಎ3ಲಿ ಪ್ರಿಂಟ್ ತೆಗೆದ್ರೆ ಹ್ಯಾಚು (ಜಾಗ ತುಂಬೋಕೆ ಹಾಕೋ ಗೆರೆಗಳು), ಮೆಟ್ಟಿಲಿನ ಡೈಮೆನ್ಷನ್ನು (ಅಳತೆ) ಎರಡೂ ಇರಲ್ಲ ಅಂತ. ಸೈಟಲ್ಲಿ ಮೇಸ್ತ್ರಿ ಶೀಟ್ ತಿರುಗಿಸಿ ಹಿಡ್ಕೊಂಡು "ಸಾರ್, ರೈಸರ್ ಎಷ್ಟು ಇಂಚು, ಇಲ್ಲಿ ಏನೂ ಇಲ್ವಲ್ಲ" ಅಂದಾಗ (ರೈಸರ್ ಅಂದ್ರೆ ಒಂದೊಂದು ಮೆಟ್ಟಿಲಿನ ಎತ್ತರ) ಮರ್ಯಾದೆ ಹೋಗಿತ್ತು.

ನೀವು ಹೇಳ್ದಂಗೆ ಮೊದ್ಲು ಅಕ್ರೋಬ್ಯಾಟ್ ರೀಡರಲ್ಲಿ ಪ್ರಿಂಟ್ ಕೊಟ್ಟು ಅಡ್ವಾನ್ಸ್ಡ್ ಒಳಗೆ 'ಪ್ರಿಂಟ್ ಆಸ್ ಇಮೇಜ್' ಟಿಕ್ ಮಾಡ್ದೆ, ಹ್ಯಾಚ್ ವಾಪಸ್ ಬಂತು, ಪ್ರಿಂಟ್ ಬರೋದು ಮಾತ್ರ ಸ್ವಲ್ಪ ನಿಧಾನ. ಆದ್ರೆ ಡೈಮೆನ್ಷನ್ ಇನ್ನೂ ಮಸುಕು. ಆಮೇಲೆ ನೋಡಿದ್ರೆ ಡೈಮೆನ್ಷನ್ ಇರೋ ಲೇಯರ್ (ನಕ್ಷೆಯ ಒಂದು ಪದರ) ಹಳದಿ ಬಣ್ಣ, ಲೈನ್‌ವೇಟ್ (ಗೆರೆ ದಪ್ಪ) 0.00, ನಮ್ದು ಕಪ್ಪು ಬಿಳುಪು ಲೇಸರ್, ಹಳದಿ ಅಂದ್ರೆ ಅದಕ್ಕೆ ತಿಳಿ ಬೂದು, ಕೂದಲೆಳೆ ಗೆರೆ ಬೇರೆ, ಹೆಂಗೆ ಕಾಣತ್ತೆ ಹೇಳಿ! ಸ್ಕ್ರೀನಲ್ಲಿ ಕಾಣ್ತಿದ್ದಿದ್ದು ರೀಡರಿನ 'ಎನ್‌ಹ್ಯಾನ್ಸ್ ಥಿನ್ ಲೈನ್ಸ್' ಆನ್ ಇದ್ದಿದ್ದಕ್ಕೆ, ಅದು ತೆಳು ಗೆರೇನ ದಪ್ಪ ಮಾಡಿ ತೋರ್ಸತ್ತೆ, ನಾನು ಅದನ್ನೇ ನಂಬ್ಕೊಂಡು ಕೂತಿದ್ದೆ.

ಆಟೋಕ್ಯಾಡಲ್ಲಿ ಪ್ಲಾಟ್ ಸ್ಟೈಲ್ (ಪ್ರಿಂಟಲ್ಲಿ ಬಣ್ಣ, ದಪ್ಪ ಹೆಂಗೆ ಬರ್ಬೇಕು ಅನ್ನೋ ಸೆಟ್ಟಿಂಗ್) ಮಾನೋಕ್ರೋಮ್ ಸಿಟಿಬಿಗೆ, ಅಂದ್ರೆ ಎಲ್ಲಾ ಬಣ್ಣಾನೂ ಕಪ್ಪಾಗೇ ಬರೋ ಫೈಲಿಗೆ, ಬದಲಾಯ್ಸಿ, ಡೈಮೆನ್ಷನ್‌ಗೆ 0.18, ಹ್ಯಾಚ್‌ಗೆ 0.13 ಮಿಮೀ ದಪ್ಪ ಕೊಟ್ಟು ಹೊಸದಾಗಿ ಪಿಡಿಎಫ್ ತೆಗ್ದೆ. ಈಗ ಇಮೇಜ್ ಟಿಕ್ ಇಲ್ದೇನೂ ನೀಟಾಗಿ ಬರ್ತಿದೆ. ಮೇಸ್ತ್ರಿಗೆ ಹೊಸ ಶೀಟ್ ಕೊಟ್ಟಾಯ್ತು, ಥ್ಯಾಂಕ್ಸ್ ಎಲ್ರಿಗೂ.