ಸಹಾಯ ಬೇಕು: ಮಕ್ಕಳ ಛದ್ಮವೇಷಕ್ಕೆ ಕೊರಗ ವೇಷ, ದೈವದ ವೇಷ ಇಡಬಹುದಾ?

ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಮಕ್ಕಳೆಲ್ಲ 'ನಮ್ಮೂರ ವೇಷ' ಹಾಕಬೇಕಂತೆ. ಪಟ್ಟಿಯಲ್ಲಿ ಯಕ್ಷಗಾನ, ಹುಲಿವೇಷದ ಜೊತೆ ಕೊರಗ ವೇಷ (ನಮ್ಮ ಕಡೆಯ ಬುಡಕಟ್ಟು ಸಮುದಾಯವಾದ ಕೊರಗರನ್ನು ಅನುಕರಿಸುವುದು), ಭೂತಕೋಲದ ದೈವದ ವೇಷವೂ ಇದೆ. ನನ್ನ ಮಗನಿಗೆ ಬಂದದ್ದು ಕೊರಗ ವೇಷ. ಮೈಗೆ ಮಸಿ, ಸೊಂಟಕ್ಕೆ ಸೊಪ್ಪು, ತಲೆಗೆ ಹಾಳೆಯ ಮುಟ್ಟಾಳೆ. ಮೊನ್ನೆ ಅವನು ಕನ್ನಡಿ ಮುಂದೆ ನಿಂತು ಕೆನ್ನೆಗೆ ಮಸಿ ಬಳಿದುಕೊಂಡು ಕುಣಿದ. ನನಗೆ ಹೊಟ್ಟೆ ತೊಳಸಿದ ಹಾಗಾಯ್ತು. ಅವನ ಕ್ಲಾಸಿನಲ್ಲೇ ಕೊರಗರ ಹುಡುಗಿಯೊಬ್ಬಳು ಇದ್ದಾಳೆ. ಅವಳೂ ಮುಂದಿನ ಸಾಲಲ್ಲಿ ಕೂತು ಇದನ್ನೇ ನೋಡಬೇಕು, ಅಲ್ವಾ?

"ಹಿಂದಿನಿಂದಲೂ ಇದೆ, ಸುಮ್ನೆ ದೊಡ್ಡದು ಮಾಡಬೇಡ" ಅಂದರು ಹಿರಿಯರೊಬ್ಬರು. ಅಜಲು ಕೂಡ ಹಿಂದಿನಿಂದಲೇ ಇತ್ತು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಆ ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಾವು ಕೇರಳದವರು, ನಿಜ. ಆದರೆ ಕೊರಗರ ಮನೆಗಳು ಗಡಿಯ ಎರಡೂ ಕಡೆ ಇವೆ.

ದೈವದ್ದು ಇನ್ನೊಂದು ಥರ. ದೈವ ಕಟ್ಟುವ ಸಮುದಾಯಗಳಾದ ನಲಿಕೆಯವರು, ಪಂಬದರು, ಪರವರು ಭಕ್ತಿಯಿಂದ ಕಟ್ಟುವ ಅಣಿಯನ್ನು (ದೈವದ ಬೆನ್ನಿಗೆ ಕಟ್ಟುವ ಪ್ರಭಾವಳಿ) ಬಹುಮಾನಕ್ಕಾಗಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಶನಿವಾರ ಮೀಟಿಂಗ್ ಇದೆ. ಜಗಳ ಆಗದ ಹಾಗೆ ಹೇಗೆ ಮಾತಾಡಲಿ? ಕೊರಗ ಸಮುದಾಯದವರು, ದೈವ ಕಟ್ಟುವ ಮನೆಯವರು ಇಲ್ಲಿದ್ದರೆ ದಯವಿಟ್ಟು ನಿಮ್ಮ ಮನಸ್ಸಿನಲ್ಲಿರುವುದನ್ನು ಬರೆಯಿರಿ. ಬದಲಿಗೆ ಯಾವ ವೇಷ ಇಡಬಹುದು ಅಂತಲೂ ತಿಳಿಸಿ.