ಯುವಜನ ಸಂಘದಲ್ಲಿ ಗರ್ಭಪಾತದ ಕಾನೂನು ಹೇಳಿಕೊಡಬಹುದಾ?

ಪ್ರಶ್ನೆ (ಚರ್ಚಿನ ಯುವಜನ ಸಂಘದ ಸದಸ್ಯೆ, ಕೋಲಾರ):
ಮೇಡಂ, ನರಸಾಪುರದ ಫ್ಯಾಕ್ಟರಿಗೆ ಹೋಗುವ ನಮ್ಮ ಗೆಳತಿಯೊಬ್ಬಳು, ಮದುವೆಯಾಗಿಲ್ಲ, ಯಾರಿಗೂ ಹೇಳದೆ ಮೆಡಿಕಲ್ ಶಾಪಿಂದ ಮಾತ್ರೆ ತರಿಸಿ ನುಂಗಿದಳು. ಎರಡು ದಿನ ರಕ್ತ ಹೋದ ಮೇಲೆ ನಮಗೆ ಫೋನ್ ಮಾಡಿದಳು. ಆಟೋದಲ್ಲಿ ಹಿಡಿದುಕೊಂಡಿದ್ದ ಅವಳ ಕೈ ತಣ್ಣಗಿತ್ತು. "ಅಪ್ಪನ ಸಹಿ ಕೇಳ್ತಾರೆ ಅಂತ ಆಸ್ಪತ್ರೆಗೆ ಹೋಗ್ಲಿಲ್ಲ" ಅಂದಳು. ಈಗ ಹುಷಾರಾಗಿದ್ದಾಳೆ. ಭಾನುವಾರ ಆರಾಧನೆ ಮುಗಿದ ಮೇಲೆ ಹುಡುಗಿಯರಿಗೆ ಕಾನೂನು ತಿಳಿಸೋಣ ಅಂತಿದ್ದೀವಿ. ಹಿರಿಯರು "ಪಾಪಕ್ಕೆ ದಾರಿ ತೋರಿಸ್ತೀರಾ" ಅಂತಾರೆ. ನಿಜವಾಗಿ ಯಾರ ಸಹಿ ಬೇಕು? ನಮ್ಮ ಮೇಲೆ ಕೇಸಾಗುತ್ತಾ?

ಉತ್ತರ (ಸ್ತ್ರೀರೋಗ ತಜ್ಞೆ):
ಅವಳು ಉಳಿದಳಲ್ಲ, ಅಷ್ಟು ಸಾಕು ತಾಯಿ. ಇರುವ ಕಾನೂನನ್ನು ಇದ್ದ ಹಾಗೆ ಹೇಳಿದರೆ ಕೇಸಾಗಲ್ಲ.

18 ತುಂಬಿದವಳಿಗೆ ಅವಳದೊಂದೇ ಸಹಿ. ಅಪ್ಪನದೂ ಬೇಡ, ಗಂಡನದೂ ಬೇಡ. 1971ರ ಗರ್ಭಪಾತ ಕಾಯ್ದೆಯಲ್ಲೇ ಹೀಗಿದೆ, ಆದರೂ ಎಷ್ಟೋ ಕಡೆ ಇವತ್ತಿಗೂ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರು ಒಪ್ಪಬೇಕು. ಅಲ್ಲಿಂದ 24 ವಾರದವರೆಗೆ, ಕಾನೂನು ಹೆಸರಿಸಿದ ಸಂದರ್ಭಗಳಲ್ಲಿ ಮಾತ್ರ, ಇಬ್ಬರು. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಹೆಸರು ಗುಟ್ಟಾಗಿಡುವುದೂ ಕಾನೂನೇ.

ಹಿರಿಯರಿಗೆ ಸವಿತಾ ಹಾಲಪ್ಪನವರ ವಿಷಯ ಹೇಳಿ. ನಮ್ಮ ಬೆಳಗಾವಿ ಕಡೆಯ ಮಗಳು, ಐರ್ಲೆಂಡಿನಲ್ಲಿದ್ದರು. 17 ವಾರದ ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇದೆ ಎಂದು ತೆಗೆಯಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ಕ್ಕೆ ತೀರಿಕೊಂಡರು. ಅಲ್ಲಿ ಆಗ ಗರ್ಭಪಾತಕ್ಕೆ ನಿಷೇಧವಿತ್ತು. 2018ರಲ್ಲಿ ಅಲ್ಲಿನ ಜನರೇ ಮತ ಹಾಕಿ ಆ ನಿಷೇಧ ತೆಗೆದರು, ಚರ್ಚಿಗೆ ಹೋಗುವವರೂ ಸೇರಿ. ನಾನೂ ದೇವರಿಗೆ ದೀಪ ಹಚ್ಚಿಯೇ ಡ್ಯೂಟಿಗೆ ಹೋಗುವವಳು. ನರಳುವವಳ ಪಕ್ಕ ಕೂರುವುದನ್ನು ಪಾಪ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮರುಪ್ರಶ್ನೆ:
18 ಆಗದಿದ್ದರೆ? ಮಾತ್ರೆ ಬಗ್ಗೆ ಏನು ಹೇಳಲಿ?

ಉತ್ತರ:
ಪೋಷಕರ ಸಹಿ ಬೇಕು, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಅಡಿ ಪೊಲೀಸರಿಗೂ ತಿಳಿಸಬೇಕು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಆ ವರದಿಯಲ್ಲಿ ಹೆಸರು ಬರೆಯಬೇಕಿಲ್ಲ. ಸುಪ್ರೀಂ ಕೋರ್ಟಿನ ಅದೇ 2022ರ ತೀರ್ಪಿನಲ್ಲಿದೆ.

ಮಾತ್ರೆಗೆ 9 ವಾರದ ಮಿತಿ, ವೈದ್ಯರ ಚೀಟಿ ಇಲ್ಲದೆ ಬೇಡ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವುದು ಎರಡು ಗಂಟೆ ನಡೆದರೆ, ಅಥವಾ ಜ್ವರ ಬಂದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಬೈಗುಳ ಆಮೇಲೆ ತಿನ್ನೋಣ.

ಮೂರನೇ ಭಾನುವಾರ ನನಗೆ ಡ್ಯೂಟಿ ಇಲ್ಲ. ಹಿರಿಯರನ್ನೂ ಕೂರಿಸಿ, ಬರ್ತೀನಿ.